ಚೀಲ ಕಟ್ಟಿಕೊಂಡು ಬಂದ ಸಾಕ್ಷಿ

ಓದುಗರ ಪ್ರಶ್ನೆಗಳಿಗೆ ಉಡುಪಿಯ ನಿವೃತ್ತ ಬೆಂಚ್ ಕ್ಲರ್ಕ್ ಒಬ್ಬರ ಉತ್ತರ

ಪ್ರಶ್ನೆ: ಸರ್, ನಾನು ಮಂಗಳೂರಿನಲ್ಲಿ ಕಾನೂನು ಓದುತ್ತಿದ್ದೇನೆ. ನಮ್ಮದು ಕೆಥೋಲಿಕ್ ಕುಟುಂಬ. ಕಳೆದ ತಿಂಗಳು ನಮ್ಮ ವಾಳೆಯ (ಚರ್ಚಿನ ವಾರ್ಡಿನ) ಪ್ರಾರ್ಥನಾ ಕೂಟದಲ್ಲಿ ಸಂತ ಪೌಲರು ರೋಮನರಿಗೆ ಬರೆದ ಪತ್ರದ 13ನೇ ಅಧ್ಯಾಯ ಓದಿದರು. ಅಧಿಕಾರದಲ್ಲಿ ಇರುವವರಿಗೆ ಎಲ್ಲರೂ ತಲೆಬಾಗಬೇಕು, ಅಧಿಕಾರ ಬರುವುದೇ ದೇವರಿಂದ ಎಂಬ ಮಾತು ಅಲ್ಲಿದೆ. ‘ಹಿಟ್ಲರನ ಕಾನೂನಿಗೂ ತಲೆಬಾಗಬೇಕಿತ್ತಾ?’ ಅಂತ ನಾನು ಕೇಳಿದೆ. ಎಲ್ಲರ ಎದುರು ಅಪ್ಪನಿಗೆ ಮುಜುಗರವಾಯಿತು. ಅವರು ನಿವೃತ್ತ ಸರ್ಕಾರಿ ನೌಕರರು. ಮನೆಗೆ ಬಂದು, ‘ದೇವರನ್ನು ನಂಬುವವನು ಕಾನೂನು ಮೀರುವುದಿಲ್ಲ. ಮೀರುವವನಿಗೆ ದೇವರು ಒಂದು ನೆವ ಅಷ್ಟೇ’ ಎಂದರು. ಅವತ್ತಿನಿಂದ ಊಟಕ್ಕೆ ಕುಳಿತಾಗ ಮಾತಿಲ್ಲ. ನಮ್ಮಲ್ಲಿ ಯಾರು ಸರಿ?
– ಒಬ್ಬ ವಿದ್ಯಾರ್ಥಿ, ಶಿರ್ವ

ಉತ್ತರ: ನಿಮ್ಮ ಪತ್ರ ಓದುವಾಗ ನನಗೆ ಒಂದು ಬಟ್ಟೆ ಚೀಲದ ನೆನಪಾಯಿತು. ಮೊದಲು ಅದನ್ನೇ ಹೇಳುತ್ತೇನೆ.

1988ರ ಮಳೆಗಾಲ. ಆಗ ಉಡುಪಿ ಬೇರೆ ಜಿಲ್ಲೆ ಆಗಿರಲಿಲ್ಲ, ಎಲ್ಲ ಒಂದೇ ದಕ್ಷಿಣ ಕನ್ನಡ. ನಾನು ಮುನ್ಸಿಫ್ ಕೋರ್ಟಿನಲ್ಲಿ ಬೆಂಚ್ ಕ್ಲರ್ಕ್. ಸಾಕ್ಷಿಗಳಿಗೆ ಪ್ರಮಾಣ ಹೇಳಿಕೊಡುವುದು ನನ್ನ ಕೆಲಸ. ಸಿನಿಮಾದಲ್ಲಿ ತೋರಿಸುವ ಹಾಗೆ ಭಗವದ್ಗೀತೆ ಮುಟ್ಟಿಸುವುದೆಲ್ಲ ಇಲ್ಲ. ಸಾಕ್ಷಿ ಕಟಕಟೆ ಹತ್ತುತ್ತಾರೆ. ‘ದೇವರ ಮೇಲೆ ಪ್ರಮಾಣ ಮಾಡಿ ಸತ್ಯವನ್ನೇ ಹೇಳುತ್ತೇನೆ, ಸುಳ್ಳು ಹೇಳುವುದಿಲ್ಲ’ ಅಂತ ನಾನು ಹೇಳುತ್ತೇನೆ, ಅವರು ಹಿಂದೆಯೇ ಹೇಳುತ್ತಾರೆ. ದಿನಕ್ಕೆ ಹತ್ತು ಹದಿನೈದು ಸಲ ಹೇಳಿ ಹೇಳಿ ನನಗೆ ಅದು ಬಾಯಿಪಾಠವಾಗಿ ಹೋಗಿತ್ತು. ಅರ್ಥದ ಕಡೆ ಗಮನ ಇರಲಿಲ್ಲ.

ಅವತ್ತು ಒಂದು ತೆಂಗಿನ ತೋಟದ ಗಡಿ ತಕರಾರಿನ ದಾವೆ. ಸಾಕ್ಷಿಗೆ ಬಂದವರು ಬೀಡಿ ಕಟ್ಟುವ ಒಬ್ಬ ಹೆಂಗಸು, ಅರವತ್ತರ ಹತ್ತಿರ ವಯಸ್ಸು. ಪ್ರಾರ್ಥನೆಗೆಂದು ಮನೆಯಲ್ಲೇ ಸೇರುವ ಒಂದು ಸಣ್ಣ ಕ್ರೈಸ್ತ ಗುಂಪಿಗೆ ಸೇರಿದವರು. ಕಂಕುಳಲ್ಲಿ ಒಂದು ಬಟ್ಟೆ ಚೀಲ. ಕಟಕಟೆ ಹತ್ತುವಾಗಲೂ ಕೆಳಗಿಡಲಿಲ್ಲ. ನಾನು ಪ್ರಮಾಣ ಹೇಳಿಕೊಟ್ಟೆ. ಅವರು ಬಾಯಿ ಬಿಡಲಿಲ್ಲ. ಕೇಳಿಸಲಿಲ್ಲವೇನೋ ಅಂತ ಇನ್ನೊಮ್ಮೆ ಜೋರಾಗಿ ಹೇಳಿದೆ.

‘ನಾನು ಆಣೆ ಹಾಕುವುದಿಲ್ಲ ಸ್ವಾಮಿ. ಸತ್ಯ ಹೇಳುತ್ತೇನೆ. ಆಣೆ ಹಾಕುವುದಿಲ್ಲ.’

ಎದುರು ಪಾರ್ಟಿಯ ವಕೀಲರು ಎದ್ದು ನಿಂತರು. ಯಾಕೆ ಅಂತ ನ್ಯಾಯಾಧೀಶರು ಕೇಳಿದರು. ಆಕೆ ನಡುಗುತ್ತಲೇ ಹೇಳಿದರು: ‘ಆಣೆಯನ್ನೇ ಇಡಬೇಡಿ, ಹೌದಾದರೆ ಹೌದು ಅನ್ನಿ, ಅಲ್ಲವಾದರೆ ಅಲ್ಲ ಅನ್ನಿ ಅಂತ ಯೇಸುಸ್ವಾಮಿ ಹೇಳಿದ್ದಾರೆ. ನಾನು ದೇವರ ಮಾತು ಮೀರುವುದು ಹೇಗೆ?’

ನ್ಯಾಯಾಧೀಶರು ಬೇಸರ ಮಾಡಿಕೊಳ್ಳಲಿಲ್ಲ. ‘ದೃಢೀಕರಣ ತಗೊಳ್ಳಿ’ ಅಂತ ನನಗೆ ಹೇಳಿದರು. 1969ರ ಪ್ರಮಾಣ ಕಾಯ್ದೆಯಲ್ಲಿ ಅದಕ್ಕೆ ಜಾಗ ಇದೆ. ದೇವರ ಹೆಸರು ಬೇಡ ಎನ್ನುವವರು ‘ಸತ್ಯನಿಷ್ಠೆಯಿಂದ ದೃಢೀಕರಿಸಿ ಹೇಳುತ್ತೇನೆ’ ಎಂದರೆ ಸಾಕು, ಎರಡಕ್ಕೂ ತೂಕ ಒಂದೇ. ಆಕೆ ಹಾಗೆ ಹೇಳಿದರು. ಸಾಕ್ಷಿ ನುಡಿದರು. ಪಾಟಿ ಸವಾಲಿನಲ್ಲಿ ಒಂದು ಕಡೆಯೂ ಜಾರಲಿಲ್ಲ.

ಮಧ್ಯಾಹ್ನ ಜಗಲಿಯಲ್ಲಿ ಅವರು ಕುಳಿತಿದ್ದರು. ಚೀಲದಲ್ಲಿ ಏನಮ್ಮ ಅಂತ ಸುಮ್ನೆ ಕೇಳಿದೆ. ಬಿಚ್ಚಿ ತೋರಿಸಿದರು. ಒಂದು ಸೀರೆ, ಒಂದು ಬೈರಾಸು, ಬಾಚಣಿಗೆ, ಬಿಪಿಯ ಮಾತ್ರೆ, ಕಪ್ಪು ರಟ್ಟಿನ ಸಣ್ಣ ಬೈಬಲ್. ಆಣೆ ಹಾಕದಿದ್ದರೆ ಕೋರ್ಟಿನವರು ನೇರ ಜೈಲಿಗೆ ಹಾಕುತ್ತಾರೆ ಅಂತ ಯಾರೋ ಹೆದರಿಸಿದ್ದರಂತೆ. ಅದಕ್ಕೆ ತಯಾರಾಗಿಯೇ ಬಂದಿದ್ದರು. ಆ ವಾರದ ಬೀಡಿ ಎಲೆಯನ್ನೂ ಹೊಗೆಸೊಪ್ಪನ್ನೂ ಪಕ್ಕದ ಮನೆಯ ಹುಡುಗಿಗೆ ಒಪ್ಪಿಸಿ, ಕೋಳಿಗಳಿಗೆ ಯಾರು ಅಕ್ಕಿ ಹಾಕಬೇಕು ಅಂತ ಹೇಳಿ ಬಂದಿದ್ದರು.

ಸಾಕ್ಷಿ ಹೇಳಲು ಅವರು ಕೋರ್ಟಿಗೆ ಬರದೇ ಇರಬಹುದಿತ್ತು, ಅಲ್ವಾ? ಜ್ವರ ಅಂತ ಹೇಳಬಹುದಿತ್ತು. ಅಥವಾ ಸುಮ್ನೆ ನನ್ನ ಹಿಂದೆ ನಾಲ್ಕು ಶಬ್ದ ಹೇಳಿ ಮುಗಿಸಬಹುದಿತ್ತು, ಎಲ್ಲರೂ ಮಾಡುವ ಹಾಗೆ. ಅವರು ಬಂದರು, ಎಲ್ಲರ ಎದುರು ಇಲ್ಲ ಎಂದರು, ಬರುವ ಶಿಕ್ಷೆಗೆ ಸೀರೆ ಕಟ್ಟಿಕೊಂಡೇ ಬಂದರು.

ಕಾನೂನಿನಲ್ಲಿ ಆ ಜಾಗ ಹೇಗೆ ಬಂತು ಅಂತ ನಾನು ಆಮೇಲೆ ಹುಡುಕಿ ಓದಿದೆ. ಇಂಗ್ಲೆಂಡಿನಲ್ಲಿ ಕ್ವೇಕರ್ ಎಂಬ ಕ್ರೈಸ್ತ ಪಂಗಡ ಇದೆ. ಅವರು ಬೈಬಲಿನ ಅದೇ ಮಾತು ಹಿಡಿದು ಆಣೆ ಇಡುವುದಿಲ್ಲ ಎಂದರು. ಆಣೆ ನಿರಾಕರಿಸುವುದೇ ಅಪರಾಧ ಅಂತ 1662ರಲ್ಲಿ ಕಾನೂನು ಬಂತು. ಸಾವಿರಾರು ಜನ ಜೈಲಿಗೆ ಹೋದರು. ತಪ್ಪಿಸಿಕೊಂಡು ಓಡಲಿಲ್ಲ, ಯಾರ ಮೇಲೂ ಕೈ ಎತ್ತಲಿಲ್ಲ. ಕೊನೆಗೆ 1695ರಲ್ಲಿ ಪಾರ್ಲಿಮೆಂಟು ಸೋತಿತು. ಆಣೆಯ ಬದಲು ದೃಢೀಕರಣ ಸಾಕು ಎಂದಿತು. ಅಲ್ಲಿಂದ ಹರಿದು ಬಂದ ನೀರು ನಮ್ಮ ಕಾಯ್ದೆಗೂ ಬಂತು. ಮುನ್ನೂರು ವರ್ಷ ಹಿಂದೆ ಯಾರೋ ಜೈಲಿಗೆ ಹೋದದ್ದರಿಂದ ನಮ್ಮ ಊರಿನ ಆ ಅಮ್ಮ ಸಂಜೆ ಬಸ್ಸಿಗೆ ಮನೆಗೆ ಹೋದರು.

ಈಗ ನಿಮ್ಮ ಮನೆಯ ಜಗಳಕ್ಕೆ ಬರುತ್ತೇನೆ. ನೀವು ಕೇಳಿದ ಪ್ರಶ್ನೆ ಸರಿ, ಕೇಳಲೇಬೇಕಾದದ್ದು. ಪೌಲರ ಪತ್ರವನ್ನು ಓದಿದವರು ಪೌಲರ ಕಥೆಯನ್ನೂ ಓದಬೇಕು. ಅದೇ ಪೌಲರನ್ನು ಫಿಲಿಪ್ಪಿ ಊರಿನಲ್ಲಿ ವಿಚಾರಣೆ ಇಲ್ಲದೆ ಹೊಡೆದು ಜೈಲಿಗೆ ಹಾಕಿದರು. ಮರುದಿನ ಅಧಿಕಾರಿಗಳು ‘ಬಿಟ್ಟುಬಿಡಿ, ಹೋಗಲಿ’ ಅಂತ ಹೇಳಿ ಕಳಿಸಿದರು. ಪೌಲರು ಹೋಗಲಿಲ್ಲ. ನಾವು ರೋಮಿನ ನಾಗರಿಕರು, ವಿಚಾರಣೆ ಮಾಡದೆ ಎಲ್ಲರೆದುರು ಹೊಡೆದು ಈಗ ಗುಟ್ಟಾಗಿ ಕಳಿಸುತ್ತೀರಾ, ಅವರೇ ಬಂದು ಹೊರಗೆ ಕರೆದುಕೊಂಡು ಹೋಗಲಿ ಎಂದು ಕೂತರು. ಅಧಿಕಾರಿಗಳೇ ಬರಬೇಕಾಯಿತು. ಕಾನೂನು ವಿದ್ಯಾರ್ಥಿ ನೀವು, ಪ್ರೇಷಿತರ ಕಾರ್ಯಕಲಾಪಗಳ 16ನೇ ಅಧ್ಯಾಯ ಓದಿ. ಅದೇ ಪುಸ್ತಕದ 5ನೇ ಅಧ್ಯಾಯದಲ್ಲಿ ಸಂತ ಪೇತ್ರರು ಮನುಷ್ಯರಿಗಿಂತ ದೇವರ ಮಾತನ್ನು ಕೇಳಬೇಕು ಅಂತ ನ್ಯಾಯಸಭೆಯ ಮುಖಕ್ಕೇ ಹೇಳುತ್ತಾರೆ. ಒಂದೇ ಗ್ರಂಥದಲ್ಲಿ ಎರಡೂ ಇದೆ. ಒಂದನ್ನು ಮಾತ್ರ ಓದಿ ಪುಸ್ತಕ ಮುಚ್ಚಿದರೆ ಆಗುವುದಿಲ್ಲ.

ನೀವು ಹಿಟ್ಲರನ ಹೆಸರು ಎತ್ತಿದ್ದೀರಿ. ಆ ಪ್ರಶ್ನೆಯನ್ನು ನಿಮಗಿಂತ ಮುಂಚೆ ಒಬ್ಬ ರೈತ ಕೇಳಿದ್ದ. ಆಸ್ಟ್ರಿಯಾದ ಫ್ರಾಂಜ್ ಯೇಗರ್‌ಸ್ಟೆಟರ್. ಸೇಂಟ್ ರಾಡೆಗುಂಡ್ ಎಂಬ ಸಣ್ಣ ಹಳ್ಳಿ. ಇಗರ್ಜಿಯ (ಚರ್ಚಿನ) ಕೆಲಸವನ್ನೂ ನೋಡಿಕೊಳ್ಳುತ್ತಿದ್ದ. 1938ರಲ್ಲಿ ಹಿಟ್ಲರನ ಜೊತೆ ಸೇರುವುದಕ್ಕೆ ಜನಮತ ಕೇಳಿದಾಗ ಇಡೀ ಹಳ್ಳಿಯಲ್ಲಿ ಬೇಡ ಎಂದವನು ಅವನೊಬ್ಬನೇ. ಸೈನ್ಯದ ಕರೆ ಬಂದಾಗ, ಇದು ಅನ್ಯಾಯದ ಯುದ್ಧ, ನಾನು ಬಂದೂಕು ಹಿಡಿಯುವುದಿಲ್ಲ ಎಂದ. ಬಿಷಪರ ಹತ್ತಿರ ಹೋದ. ಅವರೂ ನಿಮ್ಮ ಅಪ್ಪ ಹೇಳಿದ ಹಾಗೆಯೇ ಹೇಳಿದರು. ಅದನ್ನು ತೀರ್ಮಾನಿಸುವುದು ನಿನ್ನ ಕೆಲಸ ಅಲ್ಲ, ನಿನಗೆ ಹೆಂಡತಿ ಮಕ್ಕಳಿದ್ದಾರೆ ಎಂದರು. ಮೂರು ಪುಟ್ಟ ಹೆಣ್ಣು ಮಕ್ಕಳು. ಆದರೂ ಅವನು ಒಪ್ಪಲಿಲ್ಲ. 1943ರ ಆಗಸ್ಟ್ 9ರಂದು ಅವನ ತಲೆ ಕಡಿದರು. ಕಾನೂನಿನ ಪ್ರಕಾರವೇ, ವಿಚಾರಣೆ ಮಾಡಿ, ತೀರ್ಪು ಬರೆದು, ಮೊಹರು ಹಾಕಿ.

ಕೋರ್ಟಿನವನಾದ ನನಗೆ ಆ ಮೊಹರಿನ ನೆನಪು ಜಾಸ್ತಿ ಕಾಡುತ್ತದೆ. ಆ ತೀರ್ಪನ್ನೂ ಯಾರೋ ಒಬ್ಬ ಗುಮಾಸ್ತ ಟೈಪ್ ಮಾಡಿರಬೇಕು.

1997ರಲ್ಲಿ ಬರ್ಲಿನ್ನಿನ ಕೋರ್ಟು ಆ ತೀರ್ಪನ್ನು ರದ್ದು ಮಾಡಿತು. 2007ರಲ್ಲಿ ನಿಮ್ಮ ಧರ್ಮಸಭೆಯೇ ಅವನನ್ನು ಪುನೀತ (ಸಂತ ಪದವಿಗೆ ಮುಂಚಿನ ಮೆಟ್ಟಿಲು) ಎಂದು ಸಾರಿತು. ಹೆಂಡತಿ ಫ್ರಾಂಜಿಸ್ಕಾ ಆ ಸಮಾರಂಭದಲ್ಲಿ ಕುಳಿತಿದ್ದರು, ಆಗ 94 ವರ್ಷ. ಇದನ್ನು ನಿಮ್ಮ ಅಪ್ಪನಿಗೆ ಹೇಳಿ. ಆದರೆ ಗೆದ್ದೆ ಅನ್ನುವ ಧ್ವನಿಯಲ್ಲಿ ಹೇಳಬೇಡಿ. ಯಾಕೆಂದರೆ ಬೆಲೆ ಕೊಟ್ಟದ್ದು ಅವನೊಬ್ಬನೇ ಅಲ್ಲ. ಆ ಹೆಂಗಸು ಗಂಡನಿಲ್ಲದೆ ಗದ್ದೆ ಕೆಲಸ ಮಾಡಿಕೊಂಡು ಮೂರು ಮಕ್ಕಳನ್ನು ಸಾಕಿದರು. ಗಂಡನನ್ನು ನೀನೇ ಹೀಗೆ ಮಾಡಿದೆ ಅಂತ ಊರಿನವರ ಮಾತು ಬೇರೆ. ಅವರು ಅದನ್ನೆಲ್ಲ ನುಂಗಿಕೊಂಡು ಗಂಡನ ಪಕ್ಕ ನಿಂತರು. ಹಾಗೆ ನಿಲ್ಲಿ ಅಂತ ಇನ್ನೊಬ್ಬರಿಗೆ ಹೇಳುವ ಹಕ್ಕು ನನಗೂ ಇಲ್ಲ, ನಿಮಗೂ ಇಲ್ಲ.

ಇನ್ನು ಅಪ್ಪನ ಮಾತು, ‘ಮೀರುವವನಿಗೆ ದೇವರು ಒಂದು ನೆವ.’ ಇದನ್ನು ತಳ್ಳಿ ಹಾಕಬೇಡಿ. 33 ವರ್ಷ ಕೋರ್ಟಿನಲ್ಲಿ ದೇವರ ಹೆಸರು ಹೇಳಿಕೊಂಡು ಸುಳ್ಳು ಹೇಳಿದವರನ್ನು ನಾನು ನೋಡಿದ್ದೇನೆ. ದೇವರ ಹೆಸರಿನಲ್ಲಿ ಕಲ್ಲು ಎಸೆದು, ಅಂಗಡಿ ಸುಟ್ಟು, ಆಮೇಲೆ ನಾನು ಅಲ್ಲಿರಲೇ ಇಲ್ಲ ಅಂತ ಹೇಳಿದವರನ್ನೂ ನೋಡಿದ್ದೇನೆ. ಅವರೂ ಕಾನೂನು ಮೀರಿದವರೇ. ಹಾಗಾದರೆ ಅವರಿಗೂ ಆ ಬೀಡಿ ಕಟ್ಟುವ ಅಮ್ಮನಿಗೂ ಏನು ವ್ಯತ್ಯಾಸ? ನಾನು ನೋಡುವುದು ಒಂದೇ ಲೆಕ್ಕ. ನಷ್ಟ ಯಾರ ತಲೆ ಮೇಲೆ ಬೀಳುತ್ತದೆ? ಅಮ್ಮ ತನ್ನ ಸೀರೆ ತಾನೇ ಕಟ್ಟಿಕೊಂಡು ಬಂದರು. ಕಲ್ಲು ಎಸೆದವನು ಇನ್ನೊಬ್ಬರ ಅಂಗಡಿ ಸುಟ್ಟ, ತಾನು ಹಿತ್ತಿಲಿನಿಂದ ಓಡಿದ.

ಗಾಂಧೀಜಿ ಉಪ್ಪಿನ ಕಾನೂನು ಮುರಿದದ್ದೂ ಹೀಗೇ ಅಲ್ವಾ? 1930ರ ಮಾರ್ಚ್ 2ರಂದು ವೈಸರಾಯ್ ಇರ್ವಿನ್‌ಗೆ ಮೊದಲೇ ಕಾಗದ ಬರೆದರು, ನಾನು ಹೀಗೆ ಮಾಡುತ್ತೇನೆ ಅಂತ. ಆ ಕಾಗದ ತಲುಪಿಸಿದ ರೆಜಿನಾಲ್ಡ್ ರೆನಾಲ್ಡ್ಸ್ ಎಂಬ ಇಂಗ್ಲಿಷ್ ಯುವಕ ಒಬ್ಬ ಕ್ವೇಕರ್. ಆಣೆ ಹಾಕದೆ ಜೈಲಿಗೆ ಹೋದವರ ಅದೇ ಪಂಗಡ. ಅದಕ್ಕೂ ಮೊದಲು, 1922ರ ಮಾರ್ಚ್ 18ರಂದು ಅಹಮದಾಬಾದಿನ ಕೋರ್ಟಿನಲ್ಲಿ, ರಾಜದ್ರೋಹದ ಆರೋಪ ಓದಿದಾಗ ಗಾಂಧೀಜಿ ತಪ್ಪೊಪ್ಪಿಕೊಂಡು ಅತಿ ಹೆಚ್ಚಿನ ಶಿಕ್ಷೆ ಕೊಡಿ ಎಂದರು. ನ್ಯಾಯಾಧೀಶ ಬ್ರೂಮ್‌ಫೀಲ್ಡ್ 6 ವರ್ಷ ಶಿಕ್ಷೆ ಬರೆದು, ಸರ್ಕಾರ ಇದನ್ನು ಕಡಿಮೆ ಮಾಡಿದರೆ ನನಗಿಂತ ಸಂತೋಷ ಪಡುವವರು ಬೇರೆ ಇಲ್ಲ ಎಂದರು. ನಮ್ಮ ಮಂಗಳೂರಿನ ಕಾರ್ನಾಡು ಸದಾಶಿವ ರಾಯರು ಸಿರಿವಂತ ವಕೀಲರು. ಜೈಲಿಗೆ ಹೋಗಿ, ಇದ್ದದ್ದನ್ನೆಲ್ಲ ಸ್ವಾತಂತ್ರ್ಯದ ಕೆಲಸಕ್ಕೆ ಹಾಕಿ, 1937ರಲ್ಲಿ ಬಡವರಾಗಿ ತೀರಿಕೊಂಡರು. ನೀವು ದಿನಾ ಹಂಪನಕಟ್ಟೆಯಲ್ಲಿ ಬಸ್ಸು ಇಳಿದು ನಡೆಯುವ ಕೆ.ಎಸ್. ರಾವ್ ರಸ್ತೆ ಅವರ ಹೆಸರಿನದ್ದು.

ಇಷ್ಟೆಲ್ಲ ಹೇಳುವ ನಾನು ಏನು ಮಾಡಿದೆ ಅಂತಲೂ ಹೇಳಬೇಕು. ಹೇಳದಿದ್ದರೆ ಈ ಉತ್ತರ ಪೂರ್ತಿ ಆಗುವುದಿಲ್ಲ.

1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಬಂತು. ಆಗ ನನಗೆ 21 ವರ್ಷ, ಕೋರ್ಟಿನ ಕೆಲಸ ಇನ್ನೂ ಸಿಕ್ಕಿರಲಿಲ್ಲ. ಒಂದು ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟ್. ವಿಚಾರಣೆ ಇಲ್ಲದೆ ಜೈಲಿಗೆ ಹಾಕಲು ಬಿಡುತ್ತಿದ್ದ ಮೀಸಾ ಕಾಯ್ದೆಯಲ್ಲಿ ಬಂಧನದ ಕಾಗದಗಳು ನನ್ನ ಮೇಜಿಗೆ ಬರುತ್ತಿದ್ದವು. ಮೂರು ಕಾರ್ಬನ್ ಇಟ್ಟು ನಾಲ್ಕು ಪ್ರತಿ. ಒಂದು ಸಂಜೆ ಬಂದ ಕಾಗದದಲ್ಲಿ ನನಗೆ ಐದನೇ ಕ್ಲಾಸಿನಲ್ಲಿ ಪಾಠ ಹೇಳಿದ ಮಾಷ್ಟ್ರ ಹೆಸರಿತ್ತು. ಅವರು ಮಾಡಿದ್ದು ಪೇಟೆಯಲ್ಲಿ ಕರಪತ್ರ ಹಂಚಿದ್ದು. ನಾನು ಅವರ ಹೆಸರು ಹೊಡೆದೆ, ಅವರ ತಂದೆಯ ಹೆಸರು ಹೊಡೆದೆ, ಊರು ಹೊಡೆದೆ. ಒಂದು ಅಕ್ಷರವೂ ತಪ್ಪಲಿಲ್ಲ. ಮನೆಗೆ ಹೋಗಿ ದೈವದ ಗುಡಿಯಲ್ಲಿ ದೀಪ ಇಟ್ಟೆ. ಅವರಿಗೆ ಏನೂ ಆಗದಿರಲಿ ಅಂತ ಕೈ ಮುಗಿದೆ. ಅದೇ ಕೈ.

ಹೀಗೆ ಬಂಧನ ಆದವರು ಕೋರ್ಟಿಗೆ ಬರುವ ಹಾಗೂ ಇಲ್ಲ ಅಂತ 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು ಹೇಳಿದರು. ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಮರುವರ್ಷ ಅವರಿಗೆ ಬರಬೇಕಿದ್ದ ಮುಖ್ಯ ನ್ಯಾಯಮೂರ್ತಿ ಸ್ಥಾನ ತಪ್ಪಿತು, ಅವರು ರಾಜೀನಾಮೆ ಕೊಟ್ಟರು. ಅಷ್ಟು ದೊಡ್ಡವರ ಮುಂದೆ ಟೈಪಿಸ್ಟ್ ಎಷ್ಟರವನು ಅಂತ ನೀವು ಹೇಳಬಹುದು. ನನ್ನ ಮನೆಯಲ್ಲಿ ಅಮ್ಮ, ಮದುವೆಯಾಗಬೇಕಾದ ಇಬ್ಬರು ತಂಗಿಯರು ಇದ್ದರು. ನಿಜ. ಆದರೂ ನಾನು ಮಾಷ್ಟ್ರ ಮನೆಗೆ ಒಂದು ಮಾತು ಮುಟ್ಟಿಸಬಹುದಿತ್ತು. ಈ ಒಂದು ಕಾಗದ ನನ್ನಿಂದ ಆಗುವುದಿಲ್ಲ ಸಾರ್ ಅಂತ ಹೇಳಿ ನೋಡಬಹುದಿತ್ತು. ಕೇಳಿಯೇ ನೋಡಲಿಲ್ಲ.

1977ರಲ್ಲಿ ಅವರು ಬಿಡುಗಡೆಯಾಗಿ ಬಂದ ಮೇಲೆ ಮನೆಗೆ ಹೋಗಿ ಹೇಳಿದೆ. ಮಾಷ್ಟ್ರು ಸ್ವಲ್ಪ ಹೊತ್ತು ಅಂಗಳ ನೋಡಿದರು. ಒಳಗೆ ಹೋಗಿ ಮಜ್ಜಿಗೆ ತಂದುಕೊಟ್ಟರು. ‘ನೀನಲ್ಲದಿದ್ದರೆ ಮತ್ತೊಬ್ಬ ಹೊಡೆಯುತ್ತಿದ್ದ ಮಗಾ’ ಎಂದರು. ನನ್ನ ಸಮಾಧಾನಕ್ಕೆ ಹೇಳಿದ್ದು. ಆ ಕುರ್ಚಿಯಲ್ಲಿ ಮತ್ತೊಬ್ಬ ಇರಲಿಲ್ಲ, ನಾನಿದ್ದೆ. ಈಗ ನನಗೆ ಎಪ್ಪತ್ತು ದಾಟಿದೆ, ಆ ಮಜ್ಜಿಗೆಯ ಲೋಟ ಇನ್ನೂ ಕಣ್ಣ ಮುಂದಿದೆ.

ನಿಮ್ಮ ಅಪ್ಪನೂ ಸರ್ಕಾರಿ ಕೆಲಸದಲ್ಲಿ ಇದ್ದವರು. ಪ್ರಾರ್ಥನಾ ಕೂಟದಲ್ಲಿ ನಿಮ್ಮ ಪ್ರಶ್ನೆ ಅವರಿಗೆ ಎಲ್ಲಿ ತಾಗಿತೋ ನಮಗೆ ಹೇಗೆ ಗೊತ್ತು? ವಾದ ಮಾಡಬೇಡಿ. ರಾತ್ರಿ ಊಟ ಆದ ಮೇಲೆ, ‘ಡ್ಯಾಡಿ, ಕೆಲಸದಲ್ಲಿ ಇದ್ದಾಗ ಮನಸ್ಸು ಒಪ್ಪದ ಕಾಗದಕ್ಕೆ ಸಹಿ ಹಾಕಬೇಕಾಗಿ ಬಂದದ್ದು ಇದೆಯಾ?’ ಅಂತ ಕೇಳಿ. ಆಮೇಲೆ ಅವರು ಹೇಳುವಷ್ಟು ಹೊತ್ತು ಕುಳಿತು ಕೇಳಿ.

ಪ್ರಶ್ನೆ: ನಾನು ಶಾಲಾ ಶಿಕ್ಷಕಿ. ನನ್ನ ಕ್ಲಾಸಿನ ಒಬ್ಬ ಹುಡುಗ ರಾಷ್ಟ್ರಗೀತೆ ಹಾಡುವಾಗ ನೆಟ್ಟಗೆ ನಿಲ್ಲುತ್ತಾನೆ, ಬಾಯಿ ಮಾತ್ರ ಬಿಡುವುದಿಲ್ಲ. ನಮ್ಮ ಧರ್ಮದಲ್ಲಿ ದೇವರಿಗೆ ಬಿಟ್ಟು ಬೇರೆಯವರಿಗೆ ಸ್ತುತಿ ಹಾಡಬಾರದು ಎನ್ನುತ್ತಾನೆ. ಟಿಸಿ ಕೊಟ್ಟು ಕಳಿಸಬೇಕು ಅಂತ ಕೆಲವು ಸಹೋದ್ಯೋಗಿಗಳು ಹೇಳುತ್ತಿದ್ದಾರೆ. ನನಗೆ ರಾಷ್ಟ್ರಗೀತೆ ಅಂದರೆ ಪ್ರಾಣ. ಆದರೆ ಮಗುವಿನ ಮುಖ ನೋಡಿದರೆ ಪಾಪ ಅನಿಸುತ್ತದೆ.
– ಶಿಕ್ಷಕಿ, ಕುಂದಾಪುರ

ಉತ್ತರ: ಮೇಡಂ, ಟಿಸಿ ಕೊಡುವ ಹಾಗಿಲ್ಲ. ಇದು ನನ್ನ ಅಭಿಪ್ರಾಯ ಅಲ್ಲ, ಸುಪ್ರೀಂ ಕೋರ್ಟಿನ ತೀರ್ಪು. 1985ರಲ್ಲಿ ಪಕ್ಕದ ಕೇರಳದಲ್ಲಿ ಯೆಹೋವನ ಸಾಕ್ಷಿಗಳು ಎಂಬ ಪಂಗಡದ ಮೂವರು ಮಕ್ಕಳನ್ನು ಇದೇ ಕಾರಣಕ್ಕೆ ಶಾಲೆಯಿಂದ ಹೊರಗೆ ಹಾಕಿದರು. ಅವರೂ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ ಅಷ್ಟೇ. ಹೈಕೋರ್ಟಿನಲ್ಲಿ ಸೋತರು. 1986ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ಮಕ್ಕಳನ್ನು ವಾಪಸು ಸೇರಿಸಿಕೊಳ್ಳಿ ಎಂದಿತು. ಹಾಡಲೇಬೇಕು ಎಂಬ ಕಾನೂನು ಎಲ್ಲೂ ಇಲ್ಲ, ಎದ್ದು ನಿಂತರೆ ಗೌರವ ಕೊಟ್ಟ ಹಾಗೆಯೇ ಅಂತ ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ಬರೆದರು. ನಮ್ಮ ಪರಂಪರೆ ಸಹನೆ ಕಲಿಸುತ್ತದೆ, ನಮ್ಮ ಸಂವಿಧಾನ ಸಹನೆಯನ್ನು ಪಾಲಿಸುತ್ತದೆ, ಅದನ್ನು ತೆಳುವಾಗಿಸುವುದು ಬೇಡ ಎಂಬ ಅರ್ಥದ ಮಾತೂ ಅದರಲ್ಲಿದೆ. ತೀರ್ಪಿನ ಪ್ರತಿ ತೆಗೆಸಿ ಸ್ಟಾಫ್ ರೂಮಿನಲ್ಲಿ ಓದಿ ಹೇಳಿ. ಹುಡುಗನನ್ನು ಎಲ್ಲರ ಎದುರು ಪ್ರಶ್ನೆ ಮಾಡುವುದನ್ನು ನಾಳೆಯಿಂದಲೇ ನಿಲ್ಲಿಸಿ.

ಪ್ರಶ್ನೆ: ಹೆಲ್ಮೆಟ್ ಕಾನೂನು ನನಗೆ ಅನ್ಯಾಯ ಅನಿಸುತ್ತದೆ. ಮುರಿದರೆ ಅದೂ ಸತ್ಯಾಗ್ರಹ ಆಗುತ್ತದಾ?
– ವಿದ್ಯಾರ್ಥಿ, ಮಣಿಪಾಲ

ಉತ್ತರ: ಇಲ್ಲ. ಪೇಟ ಕಟ್ಟುವ ಸಿಖ್ಖರಿಗೆ ಆ ಕಾನೂನಿನಲ್ಲೇ ವಿನಾಯಿತಿ ಇದೆ, ಯಾಕೆಂದರೆ ಪೇಟ ಅವರ ನಂಬಿಕೆಯ ಭಾಗ. ನಿಮಗೆ ಆಗುವುದು ಸೆಖೆ. ಹೆಲ್ಮೆಟ್ ಹಾಕಿಕೊಳ್ಳಿ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಬಿದ್ದವರ ಫೋಟೋಗಳನ್ನು ನಾನು ಕೇಸಿನ ಕಡತಗಳಲ್ಲಿ ನೋಡಿದ್ದೇನೆ.

ಪ್ರಶ್ನೆ: ನಮ್ಮ ಕಡೆ ಹಿಂದಿನ ಕಾಲದಲ್ಲಿ ಜಾತ್ರೆ, ನೇಮದ (ದೈವಾರಾಧನೆಯ) ಸಮಯ ಕೊರಗ ಎಂಬ ಬುಡಕಟ್ಟು ಸಮುದಾಯದವರನ್ನು ಕರೆಸಿ ಕೆಲವು ‘ಕಟ್ಟುಕಟ್ಟಳೆ’ ಮಾಡಿಸುತ್ತಿದ್ದರು. ಕಾನೂನು ಬಂದು ನಿಂತಿತು. ಈಗ ಜೀರ್ಣೋದ್ಧಾರ ಆದ ಮೇಲೆ ಕೆಲವು ಹಿರಿಯರು, ‘ಹಿಂದಿನ ಕ್ರಮ ಬಿಟ್ಟದ್ದಕ್ಕೇ ಊರಿಗೆ ತೊಂದರೆ. ಪೂರ್ತಿ ಬೇಡ, ಡೋಲು ಬಡಿಯುವುದಕ್ಕಾದರೂ ಕರೆಸೋಣ, ಕಟ್ಟಳೆಗೆ ಕೂಲಿ ಕೊಡುವ ಕ್ರಮ ಇಲ್ಲ’ ಎನ್ನುತ್ತಾರೆ. ‘ಗಾಂಧಿ ಉಪ್ಪಿನ ಕಾನೂನು ಮುರಿಯಲಿಲ್ವಾ? ನಾವು ನಂಬಿಕೆಗಾಗಿ ಇದನ್ನು ಮುರಿದರೆ ತಪ್ಪೇನು?’ ಅಂತಲೂ ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ.
– ಕಾರ್ಕಳ ತಾಲೂಕಿನ ಒಬ್ಬ ಓದುಗ

ಉತ್ತರ: ಆ ಕಟ್ಟಳೆಗೆ ಹೆಸರಿದೆ, ಅಜಲು. ಪತ್ರದಲ್ಲಿ ನೀವು ಆ ಹೆಸರು ಬರೆಯಲಿಲ್ಲ. ಬರೆಯಲು ಸಂಕೋಚವಾಗಿರಬೇಕು. ಆದರೆ ಅದು ಏನು ಅಂತ ಸ್ಪಷ್ಟವಾಗಿ ಹೇಳದೆ ಇದ್ದರೆ ‘ಕಟ್ಟಳೆ’ ಎಂಬ ಒಳ್ಳೆಯ ಶಬ್ದದ ಹಿಂದೆ ಅದು ಅಡಗಿಕೊಳ್ಳುತ್ತದೆ. ಅನ್ನದಲ್ಲಿ ಕೂದಲು, ಉಗುರು ಬೆರೆಸಿ ಕೊರಗರಿಗೆ ತಿನ್ನಿಸುವುದು. ನಮ್ಮ ಮನೆಯ ರೋಗ, ಕಂಟಕ ಅವರಿಗೆ ಹೋಗಲಿ ಅಂತ. ಕಂಬಳಕ್ಕೆ ಮುಂಚೆ ಕೆಸರಿನಲ್ಲಿ ಕೋಣಗಳ ಹಾಗೆ ಅವರನ್ನು ಓಡಿಸುವುದು. ಕರ್ನಾಟಕ ಸರ್ಕಾರ 2000ದಲ್ಲಿ ಇದನ್ನು ನಿಷೇಧಿಸಿ ಪ್ರತ್ಯೇಕ ಕಾಯ್ದೆಯನ್ನೇ ತಂದಿತು. ಕೂಲಿ ಕೊಡದೆ, ಅಥವಾ ಬೇರೆಯವರಿಗಿಂತ ಕಡಿಮೆ ಕೊಟ್ಟು ದುಡಿಸುವುದನ್ನೂ ಅದರಲ್ಲಿ ಅಜಲು ಎಂದೇ ಕರೆದಿದೆ. ಹಾಗಾಗಿ ‘ಡೋಲು ಮಾತ್ರ, ಕೂಲಿ ಇಲ್ಲ’ ಎನ್ನುವುದು ಕಾನೂನಿನ ಹೊರಗೆ ಉಳಿಯುವುದಿಲ್ಲ.

ನಂಬಿಕೆಯ ಸ್ವಾತಂತ್ರ್ಯ ಸಂವಿಧಾನದ 25ನೇ ವಿಧಿಯಲ್ಲಿ ಇದೆ, ಹೌದು. ಆದರೆ ಆ ವಿಧಿ ಶುರುವಾಗುವುದೇ ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಕ್ಕೆ ಒಳಪಟ್ಟು ಎಂಬ ಮಾತಿನಿಂದ. ಅದಕ್ಕೂ ಮೊದಲು 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದೆ.

ಕಾನೂನು ಆಯಿತು. ಹಿರಿಯರು ಗಾಂಧಿಯ ಹೆಸರು ಎತ್ತಿದ್ದಾರಲ್ಲ, ಅದಕ್ಕೆ ಉತ್ತರ ಕೊಡಲೇಬೇಕು. ಮೇಲಿನ ಉತ್ತರದಲ್ಲಿ ನಾನು ಹೇಳಿದ ಲೆಕ್ಕ ಇಲ್ಲಿಗೂ ಹಾಕಿ ನೋಡಿ. ಉಪ್ಪು ಹೆಕ್ಕಿದವರು ತಮ್ಮ ಬೆನ್ನು ಒಡ್ಡಿದರು. ಇಲ್ಲಿ ನಂಬಿಕೆ ನಿಮ್ಮ ಹಿರಿಯರದ್ದು, ಬೆನ್ನು ಕೊರಗರದ್ದು. ಕಂಟಕ ನಮ್ಮದು, ಅನ್ನ ಅವರ ಬಾಯಿಗೆ.

ನಮ್ಮ ಊರಿನಲ್ಲಿ ಕಟ್ಟಳೆ ಮೀರಿದವರು ಇಲ್ಲದಿಲ್ಲ. ಕುದ್ಮುಲ್ ರಂಗರಾಯರು ಮಂಗಳೂರಿನಲ್ಲಿ ದಲಿತ ಮಕ್ಕಳಿಗೆ ಶಾಲೆ ಮಾಡಿದರು. 1897ರಲ್ಲಿ ಅದಕ್ಕೆಂದೇ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಸಾರಸ್ವತ ಬ್ರಾಹ್ಮಣ ಮನೆತನ. ಜಾತಿಯವರು ಬಹಿಷ್ಕಾರ ಹಾಕಿದರು. ಮನೆಗೆ ಜನ ಬರುವುದೇ ನಿಂತಿತು. ಅವರು ಅದನ್ನು ತಾವೇ ಅನುಭವಿಸಿದರು, ಶಾಲೆ ಮುಚ್ಚಲಿಲ್ಲ. ಹಿರಿಯರಿಗೆ ಮಾದರಿ ಬೇಕಿದ್ದರೆ ಇಷ್ಟು ಹತ್ತಿರದಲ್ಲೇ ಇದೆ.

ಇನ್ನೊಂದು ಮಾತು. ನೀವು ಕಾರ್ಕಳದ ಕಡೆಯವರು. ನನ್ನ ಅಜ್ಜಿಯ ತರವಾಡು ಮನೆಯೂ ಆ ಕಡೆಯೇ. ಅಲ್ಲಿ ಕಲ್ಲುರ್ಟಿ ದೈವ ಇದೆ. ಸಣ್ಣವನಿದ್ದಾಗ ನೇಮದ ರಾತ್ರಿ ಅಜ್ಜಿಯ ಮಡಿಲಲ್ಲಿ ಕುಳಿತು ಪಾಡ್ದನದ (ದೈವದ ತುಳು ಹಾಡಿನ) ಕಥೆ ಕೇಳಿದ್ದು. ಗೊಮ್ಮಟನನ್ನು ಕಡೆದ ಕಲ್ಕುಡನ ಎಡಗೈ, ಬಲಗಾಲನ್ನು ಅರಸ ಕಡಿಸಿದ, ಇಂಥದ್ದು ಬೇರೆಲ್ಲೂ ಮಾಡಬಾರದು ಅಂತ. ಅದು ಆ ಕಾಲದ ಅರಸನ ಆಜ್ಞೆ, ಕಾನೂನೇ. ತಂಗಿ ಕಲ್ಲುರ್ಟಿ ಅಣ್ಣನ ಪರವಾಗಿ ಎದ್ದು ನಿಂತಳು. ಅವರಿಬ್ಬರೂ ದೈವಗಳಾದರು. ನಾವು ಕೈ ಮುಗಿಯುವುದು ಅರಸನಿಗಲ್ಲ. ದೊಂದಿಯ ಬೆಳಕಿನಲ್ಲಿ ಗುತ್ತಿನ (ಊರಿನ ದೊಡ್ಡ ಮನೆತನದ) ಯಜಮಾನರು ಮುಂಡಾಸು ತೆಗೆದು ಆ ದೈವದ ಮುಂದೆ ತಲೆ ತಗ್ಗಿಸಿ ನಿಂತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ‘ಯಾಕೆ ಅಜ್ಜಿ ಹೆದರುತ್ತಾರೆ?’ ಅಂತ ಕೇಳಿದ್ದೆ. ‘ಅನ್ಯಾಯ ಮಾಡಿದವರ ಕಡೆಯವರಲ್ವಾ ಮಗಾ’ ಎಂದಿದ್ದರು.

ಕೊರಗಜ್ಜನ ಕಟ್ಟೆ ಈಗ ಊರೂರಿನಲ್ಲಿ ಇದೆ. ಕಳೆದು ಹೋದ ವಸ್ತು ಸಿಗಲಿ, ಮಗಳಿಗೆ ಕೆಲಸ ಸಿಗಲಿ ಅಂತ ಚಕ್ಕುಲಿ, ವೀಳ್ಯ, ಶೇಂದಿ ಹರಕೆ ಹೇಳಿಕೊಳ್ಳುತ್ತೇವೆ. ನಾನೂ ಹೇಳಿಕೊಂಡಿದ್ದೇನೆ. ಕೊರಗ ತನಿಯ ಎಂಬ ಆ ಹುಡುಗನನ್ನು ಅಜ್ಜ ಅಂತ ಕರೆದು, ಅವನ ಮುಂದೆ ಬಾಳೆಲೆಯಲ್ಲಿ ಒಳ್ಳೆಯದನ್ನೇ ಬಡಿಸಿ, ಅವನ ಕುಲದವರನ್ನು ಅದೇ ವಾರ ಕೂಲಿ ಇಲ್ಲದೆ ಅಂಗಳದ ಹೊರಗೆ ನಿಲ್ಲಿಸುವುದು ಹೇಗೆ? ಆ ಹಿರಿಯರಿಗೆ ದೈವದ ಭಯ ನಿಜವಾಗಿ ಇದ್ದರೆ ಈ ಪ್ರಶ್ನೆ ಅವರ ನಿದ್ದೆ ಕೆಡಿಸಬೇಕು.

ಮುಂದಿನ ಆಡಳಿತ ಸಮಿತಿ ಸಭೆ ಯಾವಾಗ ಅಂತ ನೀವು ಬರೆದಿಲ್ಲ. ಹೋಗಿ. ಜಗಳ ಮಾಡಬೇಡಿ, ಜೋರು ಮಾತೂ ಬೇಡ. ಎದ್ದು ನಿಂತು ಒಂದೇ ಮಾತು ಕೇಳಿ: ‘ಕ್ರಮ ಬಿಡಬಾರದು ಅಂತಾದರೆ ಈ ಸಲ ಡೋಲು ಹಿಡಿದು, ಕೂಲಿ ತಗೊಳ್ಳದೆ, ಹೊರಗೆ ನಿಲ್ಲುವುದಕ್ಕೆ ನಮ್ಮ ನಮ್ಮ ಮನೆಯಿಂದ ಯಾರನ್ನು ಕಳಿಸೋಣ?’ ಅವರು ಏನು ಹೇಳಿದರು ಅಂತ ನನಗೆ ಬರೆಯಿರಿ.